ಒಂದೇ ಮನೆಯ ರಕ್ತ

ರಾಜೇಶ್ವರಿ ಆಗ ಎರಡೂವರೆ ತಿಂಗಳ ಬಸುರಿ. ಬನಹಟ್ಟಿಯಲ್ಲಿ ಪವರ್‌ಲೂಮ್ ನಡೆಸುವ ಪರಮಾನಂದ ಅವಳ ಗಂಡ. ಅವಳ ತಾಯಿಯ ಒಡಹುಟ್ಟಿದ ತಮ್ಮನೂ ಹೌದು. ಜಮಖಂಡಿಯ ಡಾಕ್ಟರ್ ಸಂಧ್ಯಾ ಅವಳ ರಕ್ತದ ವರದಿಯನ್ನು ಎರಡು ಸಲ ಓದಿದರು.

"ನಿನ್ನೊಳಗ ಥಲಸ್ಸೇಮಿಯಾದ, ಅಂದ್ರ ಮೈಯಾಗ ರಕ್ತ ಸರಿ ಆಗದ ಬ್ಯಾನೀದ, ದೋಷ ಐತಿ. ತಾಯಿದೊಂದು ತಂದೀದೊಂದು ಬರೂ ಜೋಡಿ ಎಳಿಯೊಳಗ ಒಂದ ಕೆಟ್ಟೈತಿ, ನಿನಗೇನೂ ಆಗಂಗಿಲ್ಲ. ಗಂಡಗೂ ಇದ್ರ ಕೂಸಿಗೆ ಗಂಡಾಂತರ. ಅವರ ರಕ್ತ ಲ್ಯಾಬಿಗೆ ಕಳಸೂಣು. ಡಿಎನ್‌ಎ ತಗದು, ಈ ದೋಷ ಇರೂ ತುಣುಕು ಅಷ್ಟ ಮಶಿನ್ಯಾಗ ಲಕ್ಷಗಟ್ಲೆ ಬೆಳಸಿ, ಅಕ್ಷರ ಅಕ್ಷರ ಓದ್ತಾರ."

"ಅವರಿಗೂ ಇದ್ರ ಏನ್ರೀ?"

"ಹೊಟ್ಟ್ಯಾಗಿನ ಕೂಸಿಂದೂ ನೋಡೂಣು. ಇಟ್ಕೊಳ್ಳೂದು ಬಿಡೂದು ಆಮ್ಯಾಲೆ ನೀವ ಹೇಳಬೇಕು."

ಸೋಮವಾರ ಪರಮಾನಂದ ತನ್ನ ಅಣ್ಣ ಅಣ್ಣಾಸಾಹೇಬನ ಜೊತೆ ಜಮಖಂಡಿಗೆ ಹೋಗಿ ಬಂದ. ಹದಿನೈದು ದಿನಕ್ಕೆ ವರದಿ ಬಂತು: ದೋಷವಿಲ್ಲ. ಅತ್ತೆ ಶಿವಗಂಗವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. "ನಮ್ಮ ಮನಿತನದಾಗ ಎಲ್ಲೀದ ಬೇ ದೋಷ? ಆ ಡಾಕ್ಟರ್‍ಗೇನು, ಹೆದರಸೂದ ಕೆಲಸ."

ಹೆಣ್ಣು ಹುಟ್ಟಿತು. ಆರು ತಿಂಗಳಿಗೆ ಅದರ ತುಟಿ ಬೆಳ್ಳಗಾಗಿ, ಹೊಟ್ಟೆ ಉಬ್ಬಿ, ಅಳುವುದಕ್ಕೂ ತ್ರಾಣ ಉಳಿಯಲಿಲ್ಲ. ಸಂಧ್ಯಾ ಕೂಸಿನ ರಕ್ತವನ್ನೂ ಅದೇ ಲ್ಯಾಬಿಗೆ ಕಳಿಸಿದರು. ವರದಿಯ ದಿನ ಮನೆಯವರೆಲ್ಲ ಹೋದರು.

"ಎರಡೂ ಎಳಿ ಕೆಟ್ಟಾವ. ಒಂದು ತಾಯಿದು. ಇನ್ನೊಂದು ತಂದಿ ಕಡಿಂದ ಬರಬೇಕು. ಆದ್ರ ತಂದೀದು ಚೊಕ್ಕ ಇತ್ತು."

ಶಿವಗಂಗವ್ವ ತಿರುಗಿ ಸೊಸೆಯ ಮುಖ ನೋಡಿದಳು. ಪರಮಾನಂದ ನೆಲ ನೋಡಿದ. ರಾಜೇಶ್ವರಿ ಗಂಡನಿಂದ ಒಂದು ಮಾತಿಗಾಗಿ ಕಾದಳು, ಬರಲಿಲ್ಲ.

ಕೊನೆಗೆ ಅಣ್ಣಾಸಾಹೇಬನೇ ಟೊಪ್ಪಿಗೆ ತೆಗೆದ. "ಅವತ್ತ ರಕ್ತ ಕೊಟ್ಟಾಂವ ನಾನ್ರೀ. ಸೂಜಿ ಕಂಡಕೂಡ್ಲೆ ಈ ಪರಮ್ಯಾ ಬವಳಿ ಬಂದು ಬಿದ್ದ. ಬ್ಯಾಂಕಿನ್ಯಾಗ, ಸೊಸೈಟ್ಯಾಗ ಅವನ ಪರವಾಗಿ ನಾನ ನಿಲ್ಲಾಂವ. ಒಂದ ಹೊಟ್ಟ್ಯಾಗ ಹುಟ್ಟಿದವರು, ಯಾರ್ದಾದ್ರೇನಂತ ಅವನ ಹೆಸರು ಹೇಳಿ ತೋಳ ಚಾಚಿದ್ನಿ."

"ಅಣ್ಣಗ ಬರಲಾರದ್ದು ತಮ್ಮಗ ಬಂದಿರತೈತ್ರಿ," ಎಂದರು ಸಂಧ್ಯಾ. ಅವರ ದನಿ ಏರಲಿಲ್ಲ.

"ಇನ್ನ ಏನ ಮಾಡೂದ್ರಿ?" ರಾಜೇಶ್ವರಿ ಕೇಳಿದಳು.

"ಮೂರು ವಾರಕ್ಕೊಮ್ಮೆ ರಕ್ತ ಹಾಕಬೇಕವ್ವಾ."

"ಎಲ್ಲೀತನಕಾ?"

"ಜೀವ ಇರೂತನಕ."

ನರ್ಸ್ ಕೂಸಿನ ಅಂಗೈ ಹೊರಳಿಸಿ ನರ ಹುಡುಕಿದಳು. ಎರಡು ಸಲ ಚುಚ್ಚಿದರೂ ಸಿಗಲಿಲ್ಲ. "ಯಾರಾರ ಕೂಸಿನ ಕಾಲು ಹಿಡೀರಿ," ಎಂದಳು. ಪರಮಾನಂದ ಮುಂದೆ ಬಂದ. ರಾಜೇಶ್ವರಿ ಅವನ ಕೈ ಸರಿಸಿ, ತಾನೇ ಹಿಡಿದುಕೊಂಡಳು.