ಫೆರೆತಿಯ ತುತ್ತು ಇಳಿಯುವ ತನಕ

ಹೊಗೆ, ಕಾದ ಕಲ್ಲಿನ ಒಲೆಯ ಹೊಗೆ, ಅದರ ಹಿಂದೆಯೇ ಕೆಸುವಿನೆಲೆಯಲ್ಲಿ ಸುತ್ತಿಟ್ಟು ಬೆಂದ ತೆಂಗಿನ ಹಾಲಿನ ವಾಸನೆ — ಪಲುಸಾಮಿ, ಭಾನುವಾರದ ಪಲುಸಾಮಿ — ನೇರವಾಗಿ ಮೂಗಿಗೇ ಬಂತು, ಮೂಗು ಈಗ ಖಾಲಿಯಿದೆಯಲ್ಲ, ನಳಿಗೆಯಿಲ್ಲ, ಎಷ್ಟು ತಿಂಗಳು ಆ ದರಿದ್ರ ನಳಿಗೆಯನ್ನು ಮೂಗಿನಿಂದ ಹೊಟ್ಟೆಗೆ ಇಳಿಬಿಟ್ಟುಕೊಂಡು ಹಿಂದಿನ ಕೋಣೆಯಲ್ಲಿ ಪರದೆಯ ಮರೆಗೆ ಮಲಗಿದ್ದ ಫೆರೆತಿ, ಈಚೆ ಇಡೀ ಮನೆ ಉಣ್ಣುವ ಸದ್ದು ಕೇಳಿಸಿಕೊಳ್ಳುತ್ತ, ಪಾರ್ಶ್ವವಾಯು ಕೈಯನ್ನು ಬಿಟ್ಟಿತು, ಕಾಲನ್ನು ಬಿಟ್ಟಿತು, ಗಂಟಲನ್ನೇ ಹಿಡಿಯಿತು, ದ್ವೀಪದ ಊರ ಸಭೆಯಲ್ಲಿ ಎದ್ದು ನಿಂತು ಮಾತಾಡುವವನ ಗಂಟಲನ್ನೇ, ಹಾಳಾದ್ದಕ್ಕೆ ಬೇರೆ ಜಾಗ ಸಿಗಲಿಲ್ಲವೇ, ಇರಲಿ, ಇವತ್ತು ಮನೆಯ ಹಿರಿಯನಿಗೆಂದೇ ಮೀಸಲಾದ ತನ್ನ ಕಂಬಕ್ಕೆ ಬೆನ್ನು ಕೊಟ್ಟು ತನ್ನ ಚಾಪೆಯ ಮೇಲೆ ಕೂತಿದ್ದಾನೆ, ಕೂತಿದ್ದೀನಿ ನೋಡ್ರೋ ಎಂದು ಕೂಗಬೇಕೆನಿಸುತ್ತದೆ, ಮದುವೆಯ ದಿನವೂ ಇಷ್ಟು ಖುಷಿಯಾಗಿರಲಿಲ್ಲ, ಆದರೆ ಅದನ್ನು ಮಾತಾಲೇನಳ ಎದುರು ಹೇಳುವ ಹಾಗಿಲ್ಲ, ಹೆಂಡತಿ ಈಗಷ್ಟೇ ಅವನ ತಟ್ಟೆ ತಂದಿಟ್ಟಳು, ಕೆಸುವಿನ ಗೆಡ್ಡೆಯನ್ನೂ ಪಲುಸಾಮಿಯನ್ನೂ ಗಂಟಿಲ್ಲದ ಹಾಗೆ ಅರೆದು, ಪಕ್ಕದಲ್ಲಿ ಮಕ್ಕಳಿಗೆ ಕೊಡುವಂಥ ಪುಟ್ಟ ಚಮಚ. ಗದ್ದ ತಗ್ಗಿಸ್ರಿ, ಎಂದಳು.

ಗದ್ದ ಎದೆಗೆ, ಸ್ವಲ್ಪವೇ ಬಾಯಿಗೆ, ಜೋರಾಗಿ ನುಂಗು, ಇನ್ನೊಮ್ಮೆ ನುಂಗು, ಆಮೇಲೆ ಆ ಅನ್ನು, ದನಿ ಗೊರಗೊರ ಅಂದರೆ ಕೆಮ್ಮು — ಇದೆಲ್ಲ ಲಾಂಗಿಯ ಪಾಠ, ಆಸ್ಪತ್ರೆಯಿಂದ ಬಸ್ಸು ಹಿಡಿದು ಬರುತ್ತಿದ್ದ ಹುಡುಗಿ, ನುಂಗುವುದನ್ನು ಕಲಿಸುವುದೂ ಒಂದು ಕೆಲಸವಂತೆ, ಮೊದಲ ದಿನವೇ ನಾಲಿಗೆ ಹೊರಗೆ ಹಾಕಿ ತಾತ ಎಂದಳು, ಊರ ಹಿರಿಯನಿಗೆ, ಹಾಕಿದ, ಈಗ ಅದನ್ನ ಹಲ್ಲಲ್ಲಿ ಕಚ್ಚಿ ಹಿಡ್ಕೊಂಡೇ ಎಂಜಲು ನುಂಗಿ, ಅಯ್ಯೋ ಇವಳಪ್ಪ ಇವಳನ್ನು ಹೀಗೆಯೇ ಬೆಳೆಸಿದನೇ, ಬೆರಳು ಗಂಟಲ ಮೇಲೆ ಇಡಿ, ಆ ಗಂಟು ಮೇಲಕ್ಕೆ ಹೋಗತ್ತಲ್ಲ, ಅಲ್ಲೇ ಹಿಡ್ಕೊಳ್ಳಿ, ಬಿಡಬೇಡಿ ಬಿಡಬೇಡಿ, ಹಾಂ ಬಿಡಿ — ಬೆವರು ಕಿತ್ತು ಬರುತ್ತಿತ್ತು, ದೋಣಿ ಎಳೆದಾಗಲೂ ಅಷ್ಟು ಬೆವರಿದವನಲ್ಲ, ಹುಟ್ಟಿದ ದಿನ ತಾನಾಗಿ ಬಂದದ್ದನ್ನು ಈ ವಯಸ್ಸಿನಲ್ಲಿ ಪಾಠ ಹೇಳಿಸಿಕೊಂಡು ಕಲಿಯುವುದು. ಹೋದ ವಾರ ನಳಿಗೆ ತೆಗೆದು ಅವಳೇ ಚಪ್ಪಾಳೆ ತಟ್ಟಿದಳು, ಆಮೇಲೆ ಮುಖ ಗಟ್ಟಿ ಮಾಡಿಕೊಂಡು ಹೇಳಿದಳು, ತಾತ ಅವಸರ ಮಾಡಬೇಡಿ, ಅನ್ನ ಶ್ವಾಸಕೋಶಕ್ಕೆ ಇಳಿದು ಇನ್ನೊಂದ್ಸಲ ಎದೆ ಕೆಟ್ರೆ ಮೂಗಿಂದಲ್ಲ, ಹೊಟ್ಟೆಗೇ ತೂತು ಮಾಡಿ ನಳಿಗೆ ಹಾಕ್ತಾರೆ, ಮತ್ತೆ ಈ ಚಾಪೆ ಮೇಲೆ ಊಟ ಮರೆತುಬಿಡಿ. ಮತ್ತೆ ಪರದೆಯ ಹಿಂದೆ, ಬೇಡಪ್ಪ, ಅದೊಂದು ಬೇಡ.

ನುಂಗಿದ, ಇನ್ನೊಮ್ಮೆ ನುಂಗಿದ, ಆ — ಎಂದ, ದನಿ ಸ್ವಚ್ಛವಾಗಿತ್ತು, ಮಾಲಿಯೆ! ಎಂದು ಕೂಗಿದ ಅಪೆಲು, ಮಾತಾಲೇನಳ ತಮ್ಮ, ಸಭೆಯಲ್ಲಿ ಮಾತು ಸೊಗಸಾಗಿ ಬಂದಾಗ ಕೂಗುವ ಹಾಗೆಯೇ, ಏನ್ ಭಾಷಣ ಭಾವ, ಒಂದೇ ಅಕ್ಷರ, ಇಷ್ಟು ಚಿಕ್ಕದು ನಿಮ್ಮ ಜನ್ಮದಲ್ಲೇ ಮಾಡಿರ್ಲಿಲ್ಲ! ಮನೆಯೆಲ್ಲ ನಕ್ಕಿತು, ಸುಮ್ನಿರೋ ಅವರನ್ನ ನಗಿಸಬೇಡ, ನಕ್ರೆ ಎಲ್ಲಿಗೋ ಹೋಗತ್ತೆ ಅದು, ಎಂದು ಗದರಿದಳು ಮಾತಾಲೇನ, ಗದರುತ್ತ ತಾನೇ ನಗುತ್ತಿದ್ದಾಳೆ, ಮತ್ತೊಂದು ಚಮಚ, ಆ, ಮಾಲಿಯೆ, ಮತ್ತೊಂದು, ಆ — ಆಗ ಕಣ್ಣಿಗೆ ಬಿತ್ತು, ಯಾರ ಮುಂದೆಯೂ ತಟ್ಟೆಯಿಲ್ಲ. ಇಲ್ಲ ಮತ್ತೆ, ಹೇಗಿರುತ್ತದೆ, ಹಿರಿಯ ತಿಂದು ತಟ್ಟೆ ಸರಿಸುವ ತನಕ ಕಿರಿಯರ ಬಾಯಿಗೆ ತುತ್ತಿಲ್ಲ, ಅವನ ಅಪ್ಪ ತಿನ್ನುವಾಗ ಅವನೂ ಹೀಗೆಯೇ ಕಾದಿದ್ದ, ಆದರೆ ಅಪ್ಪ ಗಬಗಬನೆ ತಿಂದು ಏಳುತ್ತಿದ್ದ, ಇವನದು ಚಮಚಕ್ಕೆ ಒಂದು ಭಜನೆಯಷ್ಟು ಹೊತ್ತು, ಲಾಂಗಿ ಎಲ್ಲ ಹೇಳಿಕೊಟ್ಟಳು, ಇದೊಂದು ಅವಳಿಗೂ ಹೊಳೆಯಲಿಲ್ಲ, ಹಿಂದಿನ ಕೋಣೆಯಲ್ಲಿ ಅಭ್ಯಾಸ ಮಾಡುವಾಗ ಯಾರು ಕಾಯುತ್ತಿದ್ದರು, ಈಗ ಹಂದಿಮಾಂಸ ಆರುತ್ತಿದೆ, ಅಪೆಲುವಿನ ಮಾಲಿಯೆ ಕೂಡ ಸಣ್ಣಗಾಗುತ್ತಿದೆ, ಮಗಳು ಲೋಸಾ ಪಕ್ಕದಲ್ಲಿ ಕೂತು ನೊಣ ಕೂರದಂತೆ ಅವನ ತಟ್ಟೆಗೆ ಬೀಸಣಿಗೆ ಬೀಸುತ್ತಿದ್ದಾಳೆ, ತುಂಬು ಬಸುರಿ, ಬೆಳಗ್ಗೆ ಚರ್ಚಿಗೆ ಹೋಗಿ ಬಂದವಳು ಏನು ತಿಂದಿದ್ದಾಳೋ, ಅವನ ಚಮಚ ಮೇಲೆದ್ದಾಗ ಅವಳ ಕಣ್ಣೂ ಏಳುತ್ತದೆ, ಅವನ ಬಾಯಿ ಮುಚ್ಚಿದಾಗ ಅವಳ ಗಂಟಲು ಏರಿ ಇಳಿಯುತ್ತದೆ, ಬರಿಯ ಎಂಜಲು, ಪಾಪ. ನೀ ತಿನ್ನೇ ಎಂದ, ನೀವ್ ಮುಗ್ಸಿ ಅಪ್ಪ, ನಂಗೇನ್ ಹಸಿವಿಲ್ಲ ಎಂದಳು, ಸುಳ್ಳಿ.

ಹಾಗಾದರೆ ಬೇಗ ಮುಗಿಸಬೇಕು, ಬೇಗ, ಚಮಚ ತುಂಬ ತೆಗೆದ, ನುಂಗಿದ್ದು ಪೂರ್ತಿ ಇಳಿಯುವ ಮೊದಲೇ ಇನ್ನೊಂದು, ಎರಡನೇ ಸಲ ನುಂಗುವುದನ್ನು ಬಿಟ್ಟ, ಆ ಅನ್ನುವುದನ್ನು ಬಿಟ್ಟ, ಇನ್ನೊಂದು — ನಿಂತಿತು. ಅಲ್ಲೇ. ಮೇಲೂ ಇಲ್ಲ ಕೆಳಗೂ ಇಲ್ಲ, ಕಣ್ಣಲ್ಲಿ ನೀರು, ಬೀಸಣಿಗೆ ನಿಂತಿತು, ಅಪ್ಪಾ ಎಂದಳು ಲೋಸಾ, ಯಾರೋ ನೀರು ನೀರು ಅಂದರು, ನೀರು ಬೇಡ! ಎಂದು ಕಿರುಚಿದಳು ಮಾತಾಲೇನ, ನೀರೇ ಶತ್ರು, ಅನ್ನಕ್ಕಿಂತ ಬೇಗ ಶ್ವಾಸಕೋಶಕ್ಕೆ ಜಾರುವುದು ಅದೇ, ಭಯವಾಯಿತು, ಸಾಯುವುದಕ್ಕಲ್ಲ, ಪರದೆಗೆ, ಆ ಪರದೆಯ ನೀಲಿ ಹೂಗಳಿಗೆ — ಕಿವಿಯೊಳಗೆ ಲಾಂಗಿಯ ದನಿ, ಗಾಬರಿ ಬೇಡ ತಾತ, ಗದ್ದ ಕೆಳಗೆ, ಕೆಮ್ಮಿ, ಹೊಟ್ಟೆಯಿಂದ ಕೆಮ್ಮಿ — ಕೆಮ್ಮಿದ, ಕಂಬ ಅಲುಗುವ ಹಾಗೆ ಕೆಮ್ಮಿದ, ನುಂಗಿದ, ಮತ್ತೆ ಕೆಮ್ಮಿದ, ನುಂಗಿದ, ಆ, ಗೊರಗೊರ, ಇನ್ನೊಂದು ಕೆಮ್ಮು, ಆ. ಸ್ವಚ್ಛ. ಯಾರೂ ಮಾಲಿಯೆ ಅನ್ನಲಿಲ್ಲ, ಅಪೆಲುವಿನ ಮುಖ ಬಿಳುಚಿಕೊಂಡಿತ್ತು.

ಫೆರೆತಿ ಚಮಚ ಕೆಳಗಿಟ್ಟ, ಇವರ ಕಾಯುವಿಕೆ ಬಿಡಿಸಲೂ ಒಂದು ಮಾತು ಬೇಕು, ಇಷ್ಟು ವರ್ಷ ಊರಿನ ಜಗಳಗಳನ್ನು ಮಾತಲ್ಲೇ ಬಿಡಿಸಿದವನು ತನ್ನ ಮನೆಯದನ್ನು ಬಿಡಿಸಲಾರನೇ, ನಾಲಿಗೆ ಇನ್ನೂ ಸ್ವಲ್ಪ ತೊದಲುತ್ತದೆ, ತೊದಲಲಿ. ಕೇಳ್ರಪ್ಪಾ, ಎಂದ, ನಾನ್ ಮಾಡ್ತಿರೋದು ಊಟ ಅಲ್ಲ, ವ್ಯಾಯಾಮ, ಲಾಂಗಿ ಕೊಟ್ಟಿರೋ ವ್ಯಾಯಾಮ, ನಾಲಿಗೆ ಕಚ್ಕೊಂಡು ಕೂತಿರ್ತಿದ್ನಲ್ಲ ಆಗ ಯಾರಾದ್ರೂ ಉಪವಾಸ ಇದ್ರಾ, ಇಲ್ಲ ತಾನೇ, ಹಿರಿಯ ಉಣ್ಣೋವಾಗ ಕಾಯ್ಬೇಕು ನಿಜ, ಹಿರಿಯ ಕಸರತ್ತು ಮಾಡೋವಾಗ ಕಾಯ್ಬೇಕು ಅಂತ ಯಾವ ಅಜ್ಜನೂ ಹೇಳಿಲ್ಲ. ಅಲ್ಲ ಭಾವ ಎಂದು ಅಪೆಲು ಬಾಯಿ ತೆಗೆದ, ಆಮೇಲೆ, ಹಾಗಾದ್ರೆ ನಾನೂ ಸ್ವಲ್ಪ ಕಸರತ್ತು ಮಾಡ್ತೀನಿ ಎಂದು ಹಂದಿಮಾಂಸಕ್ಕೆ ಕೈ ಹಾಕಿದ, ಮಾಲಿಯೆ! ಎಂದಳು ಮಾತಾಲೇನ, ಹೆಂಗಸರು ನಕ್ಕರು, ತಟ್ಟೆಗಳು ಬಂದವು, ಎಲೆ ಬಿಚ್ಚುವ ಸದ್ದು, ಮೂಳೆ ಚೀಪುವ ಸದ್ದು, ಹಿಂದಿನ ಕೋಣೆಯಲ್ಲಿ ಕೇಳಿ ಕೇಳಿ ಸಂಕಟಪಟ್ಟ ಅದೇ ಸದ್ದು, ಈಗ ಅದರ ನಡುವೆ ಕೂತು ಒಂದು ಪುಟ್ಟ ಚಮಚ ಬಾಯಿಗಿಟ್ಟುಕೊಂಡ, ಯಾರೂ ಅವನನ್ನು ನೋಡುತ್ತಿಲ್ಲ, ಅದೆಷ್ಟು ಹಾಯೆನಿಸಿತು, ಲೋಸಾ ಬೀಸಣಿಗೆ ಬದಿಗಿಟ್ಟು ಗೆಡ್ಡೆಯನ್ನು ತೆಂಗಿನ ಹಾಲಿಗೆ ಅದ್ದಿದಳು, ತುಟಿಯಂಚಿಗೆ ಹಾಲು ಸೋರಿತು, ಅಗಿದಳು, ಕಣ್ಣು ಮುಚ್ಚಿಕೊಂಡಳು, ತಿನ್ನು ಮಗಾ ತಿನ್ನು, ಅವಳ ಗಂಟಲು ಏರಿತು, ಇಳಿಯಿತು — ಅರೆ, ಇವನ ಬಾಯಲ್ಲಿದ್ದದ್ದೆಲ್ಲಿ, ಯಾವಾಗ ಹೋಯಿತು, ಅವನು ನೂಕಲಿಲ್ಲ, ಹಿಡಿಯಲಿಲ್ಲ, ಲಾಂಗಿಯನ್ನು ನೆನೆಯಲಿಲ್ಲ, ಅದೇ, ತಾನಾಗಿ — ಆ, ಎಂದ, ಮೆಲ್ಲಗೆ, ಯಾರಿಗೂ ಕೇಳಿಸದ ಹಾಗೆ — ಸ್ವಚ್ಛ — ಲೋಸಾ ಇನ್ನೊಂದು ತುತ್ತು ಬಾಯಿಗಿಟ್ಟಳು, ಅವಳ ಗಂಟಲು, ಏರಿತು, ಇಳಿಯಿತು, ಏರಿತು