ಹಸಿರು ಚಕ್ಕೆ

ಸಾವಿರ ವರ್ಷ ಮಣ್ಣಿನಲ್ಲಿ ಉಳಿದಿದ್ದನ್ನು ನಾನು ಹತ್ತೇ ನಿಮಿಷದಲ್ಲಿ ಹಾಳುಮಾಡಿದೆನೇನೋ. ಶುಕ್ರವಾರ ಡೈರಿಯಲ್ಲಿ ಇಷ್ಟು ಬರೆದು ಪೆನ್ನು ಮುಚ್ಚಿದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಶೆಫೀಲ್ಡಿನಲ್ಲಿ ಎಂ.ಎಸ್‌ಸಿ. ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕುತ್ತ, ಉಮಾಶಂಕರ ಮಾವನ ಮನೆಯಲ್ಲಿದ್ದೆ. ಮಾವ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರು. ವಾರವೆಲ್ಲ ರೋಗಿಗಳ ಎದೆಬಡಿತ ಕೇಳಿ, ಭಾನುವಾರ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಪರಿಚಯದ ರೈತನೊಬ್ಬನ ಹೊಲದಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ನಡೆಯುತ್ತಿದ್ದರು. ಎರಡು ವರ್ಷದಲ್ಲಿ ಸಿಕ್ಕಿದ್ದು ಟ್ರ್ಯಾಕ್ಟರಿನ ನಟ್ಟುಗಳು, ಕೋಕ್ ಡಬ್ಬಿಯ ಚೂರುಗಳು. ಹವ್ಯಾಸಿಗಳ ಕ್ಲಬ್ಬಿನಲ್ಲಿ ಅವರಿಗೆ ‘ಡಾಕ್ಟರ್ ಕೋಕ್’ ಎಂದೇ ಹೆಸರು ಬಿದ್ದಿತ್ತು.

ಆ ಭಾನುವಾರ ಮಾತ್ರ ಮಣ್ಣು ಮೆತ್ತಿದ, ಹತ್ತು ಪೆನ್ಸ್ ನಾಣ್ಯದಷ್ಟು ಅಗಲದ ಬಿಲ್ಲೆಯೊಂದನ್ನು ತಂದರು.

“ವೈಕಿಂಗರ ಕಾಲದ ಬ್ರೋಚ್ ಕಣೇ! ಸಾವಿರ ವರ್ಷದ ಹಿಂದೆ ಶಾಲಿಗೆ ಚುಚ್ಕೊಳ್ತಿದ್ದ ಪಿನ್ನು. ಈ ಮಂಗಳವಾರ ಬಿಟ್ಟು ಮುಂದಿನ ಮಂಗಳವಾರ ಮ್ಯೂಸಿಯಮ್ಮಲ್ಲಿ ತೋರಿಸ್ಬೇಕು.”

“ಮೊದ್ಲು ಆ ಬೂಟು ಆಚೆ ಬಿಡಿ, ವೈಕಿಂಗರೇ. ಈಗಷ್ಟೇ ಒರೆಸಿದೀನಿ,” ಎಂದರು ನೀರಜಾ ಅತ್ತೆ.

ಬಿಲ್ಲೆ ಐಸ್‌ಕ್ರೀಮ್ ಡಬ್ಬಿಯೊಂದರಲ್ಲಿ ಅಡುಗೆಮನೆಯ ಕಿಟಕಿ ಸೇರಿತು. ಶುಕ್ರವಾರ ಅತ್ತೆ ನನಗೆ ಹಿತ್ತಾಳೆ ದೀಪಗಳನ್ನು ತಿಕ್ಕಿ ಬೆಳಗಲು ಹೇಳಿದರು. ದೀಪಗಳು ಮುಗಿದ ಮೇಲೂ ನೆನೆಸಿದ ಹುಣಸೆಹಣ್ಣು ಬಟ್ಟಲಲ್ಲಿ ಉಳಿದಿತ್ತು. ಮಾವನಿಗೆ ಖುಷಿಯಾಗಲಿ ಎಂದು ಬಿಲ್ಲೆಯನ್ನೂ ತಿಕ್ಕಿದೆ ಎಂದರೆ ಅರ್ಧ ಸುಳ್ಳು. ಒಳಗೇನಿದೆ ಎಂದು ನೋಡುವ ಆಸೆಯೇ ಹೆಚ್ಚಿತ್ತು.

ಹಸಿರು ಕಿಲುಬು ಕರಗಿತು. ಕತ್ತು ಹಿಂದಕ್ಕೆ ತಿರುಗಿಸಿ ತನ್ನ ಬಾಲವನ್ನೇ ನೋಡುತ್ತಿರುವ ಪ್ರಾಣಿಯೊಂದು ಮೇಲೆದ್ದಿತು. ನಾಯಿಯೋ ಕುದುರೆಯೋ ತಿಳಿಯಲಿಲ್ಲ. ಹಿಂಬದಿಯಲ್ಲಿ, ಪಿನ್ನು ಇದ್ದ ಜಾಗದಿಂದ, ಉಗುರಿಗಿಂತ ಚಿಕ್ಕ ಹಸಿರು ಚಕ್ಕೆ ಕಳಚಿಬಿತ್ತು. ಬೆಳಕಿಗೆ ಹಿಡಿದೆ. ಅಡ್ಡಕ್ಕೂ ಉದ್ದಕ್ಕೂ ಎಳೆಗಳು. ನೇಯ್ಗೆ! ಯಾರ ಶಾಲು ಇದು? ಬೇಲಿಗೆ ಸಿಕ್ಕಿ ಹರಿಯಿತೋ, ಮಗು ಜಗ್ಗಿತೋ? ಬ್ರೋಚ್ ಇಲ್ಲವೆಂದು ಮನೆಗೆ ಹೋದ ಮೇಲೆ ತಿಳಿಯಿತೋ? ಚಕ್ಕೆಯನ್ನು ಕಾಗದದಲ್ಲಿ ಮಡಿಸಿ ಡೈರಿಯೊಳಗಿಟ್ಟೆ.

ಫ್ರಿಜ್ಜಿನ ಮೇಲೆ ಅಂಟಿಸಿದ್ದ ಕ್ಲಬ್ಬಿನ ಕರಪತ್ರವನ್ನು ಓದಿದ್ದು ಆಮೇಲೆ. ಸಿಕ್ಕಿದ್ದನ್ನು ಯಾವ ಕಾರಣಕ್ಕೂ ಉಜ್ಜಿ ತೊಳೆಯಬೇಡಿ, ಎಂದಿತ್ತು.

ಹೊಳಪು ನೋಡಿ ಮಾವ ಹಿಗ್ಗಿದರು. ಅತ್ತೆಯೇ ಅದನ್ನು ನಲ್ಲಿಯ ಕೆಳಗೆ ಹಿಡಿದಿರಬೇಕು ಎಂದುಕೊಂಡರು ಮಾವ. ಮಾವನೇ ತೊಳೆದಿರಬೇಕು ಎಂದುಕೊಂಡರು ಅತ್ತೆ. ನಡುವೆ ನಾನು ತಲೆ ತಗ್ಗಿಸಿ ಚಪಾತಿ ತಿಂದೆ.

ಮಂಗಳವಾರ ಮಾವ ನನ್ನನ್ನೂ ಎಬ್ಬಿಸಿಕೊಂಡು ಹೊರಟರು. “ಬಾರೇ, ಎಷ್ಟೂಂತ ಅರ್ಜಿ ತುಂಬ್ತೀಯ.”

ಮ್ಯೂಸಿಯಮ್ಮಿನಲ್ಲಿ ಇಂಥ ವಸ್ತುಗಳನ್ನು ದಾಖಲಿಸುವ ಅಧಿಕಾರಿ ಜಿಲಿಯನ್ ಎಂಬಾಕೆ. ಬ್ರೋಚನ್ನು ಭೂತಗನ್ನಡಿಯ ಕೆಳಗೆ ಬಹಳ ಹೊತ್ತು ತಿರುಗಿಸಿದಳು.

“ಇದನ್ನು ತೊಳೆದಿದ್ದೀರಾ, ಡಾಕ್ಟರ್?”

“ಬರೀ ನೀರು,” ಎಂದರು ಮಾವ.

ಆಕೆ ಮೆಲ್ಲಗೆ ಹೇಳಿದಳು: ಬರೀ ನೀರಿಗೆ ಇಷ್ಟು ಹೊಳಪು ಬರುವುದಿಲ್ಲ. ಇಂಥ ನಕಲುಗಳು ಅಂಗಡಿಯಲ್ಲೇ ಸಿಗುತ್ತವೆ. ಯಾರೋ ತಮಾಷೆಗೆ ಹೊಲದಲ್ಲಿ ಹಾಕಿರಬಹುದು. ಹಳೆಯದೆಂದು ಬರೆದುಕೊಳ್ಳಲು ತನಗೆ ಆಧಾರವಿಲ್ಲ.

ಮಾವ ನಕ್ಕರು. ಕಿವಿ ಕೆಂಪಾಗಿತ್ತು. “ಡಾಕ್ಟರ್ ಕೋಕ್‌ಗೆ ಸರಿಯಾಗಿ ಟೋಪಿ ಹಾಕಿದಾರೆ ನೋಡು,” ಎಂದು ನನಗೆ ಕನ್ನಡದಲ್ಲಿ ಹೇಳಿ ಐಸ್‌ಕ್ರೀಮ್ ಡಬ್ಬಿಗೆ ಕೈಚಾಚಿದರು. ಡಬ್ಬಿ ಮುಚ್ಚಿದರೆ ಆ ಪ್ರಾಣಿಯೂ ಆ ಶಾಲಿನವಳೂ ಅದರೊಳಗೇ ಉಳಿದುಬಿಡುತ್ತಾರೆ. ಮಾವ ಇನ್ನು ಹೊಲಕ್ಕೆ ಹೋಗುವುದಿಲ್ಲ.

ಬೇರೆಯವರೆದುರು ನಾನು ಡೈರಿ ತೆರೆದವಳೇ ಅಲ್ಲ. ತೆರೆದೆ. ಮಡಿಸಿದ ಕಾಗದವನ್ನು ಬಿಚ್ಚಿ ಮೇಜಿನ ಮೇಲಿಟ್ಟೆ.

ಜಿಲಿಯನ್ ಭೂತಗನ್ನಡಿಯ ಮೇಲೆ ಬಾಗಿದಳು. ಎಳೆಗಳನ್ನು ನೋಡಿದವಳೇ ದೀಪವನ್ನು ಹತ್ತಿರಕ್ಕೆ ಎಳೆದಳು. ಬ್ರೋಚನ್ನು ಮಗುಚಿ, ಪಿನ್ನಿನ ಬುಡದ ಪಕ್ಕಕ್ಕೆ ಚಕ್ಕೆಯನ್ನು ತಂದಳು. ಅಂಚಿಗೆ ಅಂಚು ಕೂಡಿತು. ಕಿಲುಬು ಬಟ್ಟೆಯ ಎಳೆಗಳೊಳಗೆ ಹೀಗೆ ಇಳಿಯಲು ನೂರಾರು ವರ್ಷ ಬೇಕು, ನಕಲಿನಲ್ಲಿ ಇದು ಇರುವುದಿಲ್ಲ ಎಂದಳು.

“ಇದು ನಿನ್ನ ಹತ್ತಿರ ಹೇಗೆ ಬಂತು?”

ಇಂಗ್ಲಿಷಿನಲ್ಲಿ ಒಂದು ವಾಕ್ಯ ಜೋಡಿಸಿಟ್ಟುಕೊಂಡಿದ್ದೆ. ಆದರೆ ಮಾವನ ಮುಖ ನೋಡಿದೆ, ಬಾಯಿಗೆ ಬಂದದ್ದು ಕನ್ನಡ.

“ಮಾವ, ಬರೀ ನೀರಲ್ಲ ಅದು. ಹುಣಸೆಹಣ್ಣು ಹಾಕಿ ತಿಕ್ಕಿದ್ದು ನಾನು.”