ಎಂಟನೆಯ ಬಗೆ

“ಗಂಟೆಗೊಂದು ಸಲ ಹೋಗುದಾ? ನಿಮ್ಮ ಹೊಟ್ಟೆಯಲ್ಲಿ ಎಂತ, ಮುನಿಸಿಪಾಲ್ಟಿ ನಳ್ಳಿ ಉಂಟಾ?”

ಪ್ರಭಾ ಮೆಟ್ಟಿಲಿನ ನಡುವೆ ನಿಂತು ಕೇಳಿದಳು. ಅವಳ ಸೊಂಟದಲ್ಲಿ ಕೀಲಿಗೊಂಚಲು. ಗೊಂಚಲಿನಲ್ಲಿ ಸಣ್ಣದೊಂದು ಹಿತ್ತಾಳೆಯ ಕೀಲಿ. ಅದು ಹೊಲಿಗೆ ಹಾಲಿನ ಬಾಗಿಲ ಪಕ್ಕದ ಕಕ್ಕಸಿನದು. ಮೇಲೆ ಚಂದವ್ವ ತೊಡೆಗೆ ತೊಡೆ ಒತ್ತಿಕೊಂಡು ನಿಂತಿದ್ದಳು.

“ಮುಂಜಾನಿಂದ ಹೋಗಿಲ್ರೀ ಅಮ್ಮಾರ. ಉರಿ ಹತ್ತೈತಿ. ಒಂದ್ ಸಲ ತೆಗೀರಿ.”

“ರೈಲ್ವೆ ಸ್ಟೇಷನ್ನಲ್ಲಿ ಉಂಟಲ್ಲ, ಅಲ್ಲಿಗೆ ಹೋಗು. ಇದರ ಸರೀ ಕೆಳಗೆ ನಮ್ಮ ದೇವರ ಕೋಣೆ. ನಿಮ್ಮದೆಲ್ಲ ದೇವರ ತಲೆ ಮೇಲೆ ಹರಿಯುದು ಬೇಡ.”

ಪ್ರಭಾಳ ಮಗಳು ತನ್ವಿ ಅದೇ ಕಕ್ಕಸಿಗೆ ಹೊತ್ತುಹೊತ್ತಿಗೆ ಹೋಗಿಬರುತ್ತಿದ್ದಳು. ಅವಳದು ಹರಿದರೆ ದೇವರಿಗೆ ಅಭಿಷೇಕವಾಗುತ್ತಿತ್ತೋ ಏನೋ, ಚಂದವ್ವನಿಗೆ ಗೊತ್ತಿರಲಿಲ್ಲ. ಕೆಳಗಿನ ದೇವರೂ ಆ ಬಗ್ಗೆ ಬಾಯಿ ಬಿಟ್ಟಿರಲಿಲ್ಲ.

ಠಾಣೆ ಶಹರದ ಕೋಪರಿ ಬಡಾವಣೆಯಲ್ಲಿ ಆ ಕಟ್ಟಡ. ಕೆಳಗೆ ಪ್ರಭಾಳ ಗಂಡ ಮುರಾರಿಯ ವೆಜ್ ಹೋಟೆಲು, ಅದರ ಮೇಲೆ ಮನೆ, ಮನೆಯ ಮೇಲೆ ಹೊಲಿಗೆ ಹಾಲು, ಎಲ್ಲದರ ಮೇಲೆ ಟೆರೇಸು. ಉಡುಪಿಯಿಂದ ಬಂದು ಇಡ್ಲಿ ಮಾರಿ ಕಟ್ಟಿದ್ದು. ಮಗಳಿಗೆ ಇಡ್ಲಿಯ ಹಬೆ ಆಗಿಬರುತ್ತಿರಲಿಲ್ಲ. ಅವಳು ಫ್ಯಾಷನ್ ಓದಿ ಬಂದು ‘ಸಮಭಾವ’ ಎಂಬ ಹೆಸರಿನಲ್ಲಿ ಹೆಂಗಸರ ಉಡುಪಿನ ಬ್ರ್ಯಾಂಡು ಶುರುಮಾಡಿದಳು. ದೊಡ್ಡ ದೊಡ್ಡ ಫ್ಯಾಕ್ಟರಿಗಳಲ್ಲಿ ಹೊಲಿಯುವ ಹೆಂಗಸರನ್ನು ಹಿಂಡಿ ಹಿಪ್ಪೆ ಮಾಡುತ್ತಾರಂತೆ. ಇವಳದು ಹಾಗಲ್ಲವಂತೆ. ಭಿವಂಡಿಯ ಹತ್ತಿ ಬಟ್ಟೆ, ಪಕ್ಕದ ಕಳವಾ ಊರಿನ ಹೆಂಗಸರ ಕೈ, ಯಾರ ಕಣ್ಣೀರೂ ತಾಗದ ಉಡುಪು. ಒಂದೊಂದು ಉಡುಪಿನ ಕೊರಳಿಗೂ ಒಂದು ಚೀಟಿ ನೇತಾಡುತ್ತಿತ್ತು. ‘ಇದನ್ನು ಹೊಲಿದ ಕೈಗಳನ್ನು ನಾವು ಗೌರವಿಸಿದ್ದೇವೆ’ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಕೈಗಳು ಎಂದದ್ದು ಸರಿಯಾಗಿಯೇ ಇತ್ತು. ಸೊಂಟದಿಂದ ಕೆಳಗಿನ ಜವಾಬ್ದಾರಿಯನ್ನು ಚೀಟಿ ವಹಿಸಿಕೊಂಡಿರಲಿಲ್ಲ.

ಮೊದಮೊದಲು ಕಕ್ಕಸಿಗೆ ಬೀಗವೇ ಇರಲಿಲ್ಲ. ಒಂದು ದಿನ ಪ್ರಭಾ ಹೊಲಿಗೆ ಹಾಲಿಗೆ ಬಂದವಳು, ಊರಿನ ಸುದ್ದಿ ಕೇಳುವವಳಂತೆ, “ನಿಮ್ಮದು ಎಂತ ಜನ ಚಂದವ್ವ?” ಎಂದಳು. ಚಂದವ್ವ ಸಿಂದಗಿ ಕಡೆಯವಳು. ಪಕ್ಕದ ಮಷಿನ್ನಿನಲ್ಲಿದ್ದ ನಳಿನಾಕ್ಷಿ ಕಣ್ಣು ಮಿಟುಕಿಸಿ, ಏನಾದರೂ ಸುಳ್ಳು ಹೇಳು ಎಂದು ಸನ್ನೆ ಮಾಡಿದಳು. ಸನ್ನೆ ಚಂದವ್ವನಿಗೆ ತಿಳಿಯಿತು, ಆದರೆ ನಾಲಗೆ ಹೊರಳಲಿಲ್ಲ.

“ಹೊಲ್ಯಾರ್ರೀ,” ಎಂದಳು.

ಮರುದಿನ ಬಾಗಿಲಿಗೆ ಬೀಗ ಬಂತು. ‘ಡ್ರೈನೇಜ್ ಪ್ರಾಬ್ಲೆಮ್’ ಎಂದಳು ತನ್ವಿ. ಹಾಲಿನಲ್ಲಿ ಹೊಲಿಯುವ ಎಲ್ಲ ಹೆಂಗಸರಿಗೂ ಬೀಗವೇ. ಒಬ್ಬಳಿಗೆ ಮಾತ್ರ ಹಾಕಿದರೆ ನೋಡುವವರಿಗೆ ಚೆನ್ನಾಗಿ ಕಾಣುವುದಿಲ್ಲವಲ್ಲ. ಆ ಮಟ್ಟಿಗೆ ಸಮಭಾವ ಇತ್ತು.

“ನಿನ್ನ ಸತ್ಯಕ್ಕೆ ಬೆಂಕಿ ಬೀಳ್ಲಿ ಚಂದಕ್ಕ,” ಎಂದು ನಳಿನಾಕ್ಷಿ ಬೈದಳು. ಅವಳು ಮೂಲ್ಕಿ ಕಡೆಯವಳು, ದಿನ ತುಂಬುತ್ತ ಬಂದ ಬಸುರಿ. “ಬೇರೆ ಎಂತಾದ್ರೂ ಹೇಳಿದ್ರೆ ನಿನ್ನ ಗಂಟು ಹೋಗ್ತಿತ್ತಾ? ಈಗ ನಾನು ಈ ಹೊಟ್ಟೆ ಹೊತ್ತುಕೊಂಡು ಸ್ಟೇಷನ್ನಿಗೆ ಓಡುದು.”

“ನಂದೇನ್ ತಪ್ಪಬೇ? ಬೀಗಾ ಹಾಕಿದಾಕಿನ್ನ ಬೈ.”

“ಅವರಿಗೆ ಬೈಲಿಕ್ಕೆ ಆಗುದಿಲ್ಲಲ್ಲ, ಅದಕ್ಕೇ ನಿನಗೆ ಬೈಯುದು.”

ಸ್ಟೇಷನ್ನಿನ ಕಕ್ಕಸಿನ ಮುಂದೆ ಯಾವಾಗಲೂ ಸಾಲು. ಹೋಗಿ ಬರುವಷ್ಟರಲ್ಲಿ ತನ್ವಿ ಮೊಬೈಲು ಹಿಡಿದು ಬಾಗಿಲಲ್ಲೇ ನಿಂತಿರುತ್ತಿದ್ದಳು. ಹೊಲಿಯುವವರೆಲ್ಲ ಅವಳಿಗೆ ‘ಮೌಶಿ’, ಚಿಕ್ಕಮ್ಮ. “ಮೌಶಿ, ಇತ್ನಾ ಟೈಮ್? ವರ್ಕ್ ಫ್ಲೋ ಬ್ರೇಕ್ ಆಗ್ತದೆ ಯಾರ್.” ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟರು. ಬಾಯಿ ಒಣಗಿದರೂ ಎಂಜಲು ನುಂಗಿಕೊಂಡು ಹೊಲಿದರು. ಚಂದವ್ವನಿಗೆ ಉರಿಮೂತ್ರ ಹತ್ತಿದ್ದು ಹೀಗೆ.

ಹಾಗೆಂದು ಅವರು ಸುಮ್ಮನೆ ಕೂರುವವರಲ್ಲ. ತಾವಿರುವ ಕಳವಾ ಊರಿನಲ್ಲಿ ಖಾಡಿಯ, ಅಂದರೆ ಕಡಲ ಹಿನ್ನೀರಿನ, ದಂಡೆಗೆ ನಸುಕಿನಲ್ಲಿ ಹೆಂಗಸರು ಜೊತೆಯಾಗಿ ಹೋಗುತ್ತಾರೆ. ಇಬ್ಬರು ಹಳೆಯ ಸೀರೆಯ ತುದಿ ಹಿಡಿದು ಮರೆ ಮಾಡಿದರೆ ಒಬ್ಬಳು ಕೂರುತ್ತಾಳೆ. ಆಮೇಲೆ ಅವಳು ಹಿಡಿಯುತ್ತಾಳೆ, ಹಿಡಿದವಳು ಕೂರುತ್ತಾಳೆ. ಇದಕ್ಕೆ ಜಾತಿಯಿಲ್ಲ, ಹಿಡಿಯುವುದಿಲ್ಲ ಎಂದವಳು ಇಲ್ಲ. ಅದನ್ನೇ ಅವರು ಕೋಪರಿಯ ಟೆರೇಸಿಗೆ ತಂದರು. ನೀರಿನ ಟ್ಯಾಂಕಿನ ಪಕ್ಕದಲ್ಲಿ ಮಳೆನೀರು ಹೋಗುವ ಮೋರಿಯಿತ್ತು. ಎದುರು ಕಟ್ಟಡದ ಕಿಟಕಿಗಳಿಗೆ ಅಡ್ಡವಾಗಿ ಹಿಡಿಯಲು ‘ಸಪ್ತಕ’ದ ಒಂದು ರಿಜೆಕ್ಟ್ ಪೀಸು ಸಿಕ್ಕಿತು.

ಸಪ್ತಕ ಎಂದರೆ ತನ್ವಿಯ ಹೆಮ್ಮೆ. ಸೀರೆಯ ಅರ್ಧದಷ್ಟು ಉದ್ದದ ಬಿಳಿ ಬಟ್ಟೆ, ಅಂಚಿಗೆ ಗುಂಡಿ, ಮೂಲೆಗಳಿಗೆ ಕುಣಿಕೆ. ಹೀಗೆ ಕಟ್ಟಿದರೆ ಲಂಗ, ಹಾಗೆ ಸುತ್ತಿದರೆ ಕುರ್ತಾ, ಹೆಗಲಿಗೆ ಹಾಕಿದರೆ ಶಾಲು. ಒಂದು ಬಟ್ಟೆ, ಏಳು ಬಗೆ. ಫೇಸ್‌ಬುಕ್ಕಿನಲ್ಲಿ ಅದಕ್ಕೆ ‘ಹೆಣ್ಣಿನ ಬಿಡುಗಡೆ’ ಎಂದು ಬರೆದಿದ್ದಳು.

ಈ ಬಿಡುಗಡೆ ಹೆಚ್ಚು ದಿನ ನಡೆಯಲಿಲ್ಲ. ಸಂಡಿಗೆ ಒಣಹಾಕಲು ಬಂದ ಪ್ರಭಾಳ ಮೂಗಿಗೆ ವಾಸನೆ ಬಡಿಯಿತು. ಮರುದಿನವೇ ಟ್ಯಾಂಕಿನ ಗೋಡೆಗೆ ಟೈಲ್ಸು ಬಂದವು. ಗಣಪತಿ, ಲಕ್ಷ್ಮಿ, ವೆಂಕಟರಮಣ. ಯಾವ ಧರ್ಮದವಳೂ ತಪ್ಪಿಸಿಕೊಳ್ಳದಿರಲೆಂದು ಪಕ್ಕಕ್ಕೊಂದು ಶಿಲುಬೆ, ಒಂದು ಮಸೀದಿ. ಕಕ್ಕಸಿಗೆ ಬೀಗ ಹಾಕಿ, ಮೋರಿಗೆ ದೇವರನ್ನು ಕಾವಲಿಟ್ಟರು.

“ನೋಡಬೇ,” ಎಂದಳು ಚಂದವ್ವ, “ಪಗಾರಿಲ್ಲದ ವಾಚ್‌ಮನ್ರು. ಪಾಪ, ಇವರನ್ನೂ ಬಿಟ್ಟಿ ದುಡಸಾಕತ್ತಾರ.”

ನಗು ಬಂತು. ಆದರೆ ದೇವರ ಮುಂದೆ ಸೀರೆ ಎತ್ತಲು ಯಾರಿಗೂ ಧೈರ್ಯವಾಗಲಿಲ್ಲ. ಚಂದವ್ವನೂ ಕೈಮುಗಿದು ಕೆಳಗಿಳಿದಳು. ಅವತ್ತು ಸಂಜೆ ಕಳವಾಕ್ಕೆ ಹೋಗುವ ಟ್ರೇನಿನಲ್ಲಿ, ಜನರ ನಡುವೆ ನಿಂತಲ್ಲೇ, ನಳಿನಾಕ್ಷಿಗೆ ಉಚ್ಚೆ ತಡೆಯಲಾಗದೆ ಸೀರೆ ಒದ್ದೆಯಾಯಿತು. ಅವಳು ಚಂದವ್ವನ ಹೆಗಲಿಗೆ ಮುಖ ಒತ್ತಿಕೊಂಡು ಇಳಿಯುವವರೆಗೂ ಕಣ್ಣು ಮುಚ್ಚಿಕೊಂಡಿದ್ದಳು. ಆ ಒತ್ತಿದ ಮುಖ ಚಂದವ್ವನಿಗೆ ಉರಿಗಿಂತ ಹೆಚ್ಚು ಸುಟ್ಟಿತು.

ಬೆಳಗಾಗುತ್ತಲೇ ಅವಳು ನೇರ ತನ್ವಿಯ ಮೇಜಿನ ಮುಂದೆ ನಿಂತಳು. “ಕೀಲಿ ಕೊಡ್ರಿ ಅಕ್ಕಾರ. ಇಲ್ಲಾಂದ್ರ ನಾ ಮಷಿನ್ ಮುಟ್ಟಂಗಿಲ್ಲ.”

ಮುಂದಿನ ಭಾನುವಾರ ಸಪ್ತಕದ ಲಾಂಚು. ಬ್ಯಾನರಿಗೆ ಚಂದವ್ವನ ಮುಖವೇ ಬೇಕೆಂದು ತನ್ವಿ ನಿಶ್ಚಯಿಸಿಯಾಗಿತ್ತು. ಆ ಮುಖ ಕೋಪ ಮಾಡಿಕೊಂಡು ಹೋದರೆ ಕಷ್ಟ. ಅವಳು ಎದ್ದು ಬಂದು ಚಂದವ್ವನ ಎರಡೂ ಕೈ ಹಿಡಿದುಕೊಂಡಳು. ಕೈಗಳನ್ನು ಗೌರವಿಸುವುದು ಅವಳಿಗೆ ಅಭ್ಯಾಸ.

“ಪ್ರಾಮಿಸ್ ಮೌಶಿ. ಲಾಂಚ್ ದಿನದಿಂದ ಬೀಗ ಇಲ್ಲ. ಎಲ್ಲರಿಗೂ ಓಪನ್. ಮಮ್ಮಿಗೆ ನಾನು ಹೇಳ್ತೇನೆ. ಈಗ ಫೋಟೊ, ಪ್ಲೀಸ್?”

ಫೋಟೊಗೆಂದು ಚಂದವ್ವ ಮರುದಿನ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದಳು. ತನ್ವಿ ಮುಖ ಹುಳಿ ಮಾಡಿದಳು. “ಅರೆ, ಇದು ಟೂ ಶೈನಿ. ರೋಜ್ ವಾಲೀ ಹಳೇದು ಉಡಿ ನಾ, ಅಥೆಂಟಿಕ್ ಕಾಣ್ಬೇಕು.” ನಳಿನಾಕ್ಷಿಯ ಮಾಸಿದ ಸೀರೆಯನ್ನು ಅದಲುಬದಲು ಮಾಡಿಕೊಂಡು ಚಂದವ್ವ ಕಿಟಕಿಯ ಬೆಳಕಿಗೆ ಕೂತಳು. “ನಗಿ ಮೌಶಿ. ಹಾಗಲ್ಲ, ಒಳಗಿಂದ ನಗಿ.” ಒಳಗೆ ಬೆಂಕಿ ಬಿದ್ದಿತ್ತು. ಚಂದವ್ವ ಹಲ್ಲು ಕಚ್ಚಿದಳು. ಫೋಟೊದಲ್ಲಿ ಅದು ನಗುವೆಂದೇ ಬಂತು.

ಭಾನುವಾರ ಟೆರೇಸಿನ ಮೇಲೆ ಶಾಮಿಯಾನ. ವಾಶಿ, ಡೊಂಬಿವಲಿ, ಘೋಡ್‌ಬಂದರ್ ರೋಡಿನಿಂದ ಸೆಂಟು ಹಾಕಿಕೊಂಡ ಹೆಂಗಸರು ಬಂದಿದ್ದರು. ಟ್ಯಾಂಕಿನ ಗೋಡೆ ಕುರೂಪವಾಗಿ ಕಾಣುತ್ತದೆಂದು ಅದರ ಮುಂದೆಯೇ ವೇದಿಕೆ ಹಾಕಿ, ಟೈಲ್ಸಿನ ದೇವರುಗಳ ಮೇಲೆ ಬ್ಯಾನರು ಕಟ್ಟಿದ್ದರು. ಗಣಪತಿಯ ಜಾಗದಲ್ಲಿ ಈಗ ಚಂದವ್ವ ಹಲ್ಲು ಕಿರಿಯುತ್ತಿದ್ದಳು.

ಕಕ್ಕಸಿನ ಬೀಗ ನಿಜವಾಗಿಯೂ ತೆರೆದಿತ್ತು. ಹೊಸ ಸೋಪು, ಹೊಸ ಟವೆಲು, ಊದುಬತ್ತಿಯ ಹೊಗೆ. ಚಂದವ್ವನ ಜೀವ ಹಿಗ್ಗಿತು. ಬೆಳಗಿನಿಂದ ತಡೆದುಕೊಂಡಿದ್ದವಳು ಸರಸರನೆ ಬಂದು ಬಾಗಿಲಿಗೆ ಕೈಯಿಟ್ಟಳು. ಪಕ್ಕದಲ್ಲಿ ರೇಷ್ಮೆ ಸೀರೆಯಲ್ಲಿ ಪ್ರಭಾ ನಿಂತಿದ್ದಳು.

“ಏಯ್, ನೀನು ಎಲ್ಲಿಗೆ? ಇದು ಗೆಸ್ಟಿಗೆ.”

“ತನ್ವಿ ಅಕ್ಕಾರು ಮಾತ್ ಕೊಟ್ಟಾರ್ರೀ.”

“ಅವಳದ್ದು ಬಾಯಿ, ನಮ್ಮದು ದೇವರು. ಸುಮ್ಮನೆ ಹೋಗು ಅತ್ಲಾಗಿ.”

ಒಳಗಿನಿಂದ ಒಬ್ಬ ಹೆಂಗಸು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. “ಅರೆ, ಬ್ಯಾನರ್ ವಾಲೀ ಮೌಶಿ!” ಎಂದು ಚಂದವ್ವನ ಹೆಗಲ ಮೇಲೆ ಕೈಹಾಕಿ ಸೆಲ್ಫಿ ತೆಗೆದುಕೊಂಡಳು. ಅವಳದು ದೇವರ ತಲೆಯ ಮೇಲೆ ಹರಿದದ್ದಕ್ಕೆ ಪ್ರಭಾ ಕೈಮುಗಿದು, ಊಟ ಮಾಡಿಕೊಂಡೇ ಹೋಗಬೇಕೆಂದು ಉಪಚಾರ ಹೇಳಿದಳು.

ಚಂದವ್ವ ತನ್ವಿಯನ್ನು ಹುಡುಕಿ ಹಿಡಿದಳು. ತನ್ವಿ ಅವಳ ಕಣ್ಣು ನೋಡಲಿಲ್ಲ. “ಮೌಶಿ, ಅಭೀ ನಹೀ ಪ್ಲೀಸ್. ಮಮ್ಮಿ ಒಪ್ಪೋದೇ ಇಲ್ಲ, ಮೈ ಕ್ಯಾ ಕರೂಂ? ನೆಕ್ಸ್ಟ್ ಮಂತ್ ನೋಡುವಾ. ಈಗ ಸ್ಟೇಜ್, ಚಲೋ.”

ವೇದಿಕೆಯ ಮೇಲೆ ಚಂದವ್ವ ತನ್ವಿಯ ಮೈಗೆ ಸಪ್ತಕವನ್ನು ಕಟ್ಟಿದಳು, ಬಿಚ್ಚಿದಳು, ಸುತ್ತಿದಳು. ಪ್ರತಿ ಬಗೆಗೂ ಚಪ್ಪಾಳೆ. ಕಿಬ್ಬೊಟ್ಟೆ ಕಲ್ಲಿನಂತೆ ಗಟ್ಟಿಯಾಗಿತ್ತು, ಹಣೆಯಲ್ಲಿ ಬೆವರು. ಏಳೂ ಮುಗಿದ ಮೇಲೆ ತನ್ವಿ ತನ್ನ ಉಡುಪಿನ ಮೇಲೆ ಸುತ್ತಿದ್ದ ಆ ಬಟ್ಟೆ ಕಳಚಿ ಅವಳ ಕೈಗಿತ್ತು, ಎಂಟನೆಯ ಬಗೆಯನ್ನು ನೀವೇ ಕಂಡುಕೊಳ್ಳಿ ಎಂದು ಅತಿಥಿಗಳಿಗೆ ಹಿಂದಿಯಲ್ಲಿ ಹೇಳಿ ಮೈಕನ್ನು ಚಂದವ್ವನ ಬಾಯಿಗೆ ಹಿಡಿದಳು.

“ದೋ ಶಬ್ದ, ಮೌಶಿ. ಖುಷಿ ಆಯ್ತು ಅಂದ್ರೆ ಸಾಕು.”

ಚಂದವ್ವ ಮೈಕು ಕಿತ್ತುಕೊಂಡಳು. “ಆಠವಾ ಮೈ ದಿಖಾತೀ,” ಎಂದಳು, ಎಂಟನೆಯದನ್ನು ತಾನೇ ತೋರಿಸುವೆನೆಂದು. ಜನ ಖುಷಿಯಿಂದ ಚಪ್ಪಾಳೆ ತಟ್ಟಿದರು. ಅವಳು ಹೊಲಿಗೆಯವರು ಕೂತಿದ್ದ ಹಿಂದಿನ ಸಾಲಿನ ಕಡೆ ತಿರುಗಿದಳು. “ನಳಿನೀ, ಬಾಬೇ. ಈ ತುದಿ ಹಿಡಿ.”

ನಳಿನಾಕ್ಷಿ ಪ್ರಭಾಳನ್ನು ನೋಡಿದಳು, ತನ್ನ ಹೊಟ್ಟೆಯನ್ನು ನೋಡಿಕೊಂಡಳು. ಕೆಲಸ ಹೋದರೆ ಹೆರಿಗೆಯ ಕಾಲಕ್ಕೆ ಏನು ಗತಿ ಎಂಬುದು ಅವಳ ಮುಖದಲ್ಲಿ ಕಾಣುತ್ತಿತ್ತು. “ಎಂತ ಮಾರಾಯ್ತಿ ನೀನು,” ಎಂದು ಗೊಣಗುತ್ತ ಎದ್ದು ಬಂದಳು. ವಿಠ್ಠಲವಾಡಿಯಿಂದ ಹೊಲಿಗೆಗೆ ಬರುವ ಮುದುಕಿಯೊಬ್ಬಳು ಯಾರೂ ಕರೆಯದೆಯೇ ಬಂದು ಇನ್ನೊಂದು ತುದಿ ಹಿಡಿದಳು. ಬಿಳಿ ಬಟ್ಟೆ ಅರ್ಧಚಂದ್ರವಾಗಿ ನಿಂತಿತು. ಚಂದವ್ವ ಅದರ ಹಿಂದೆ, ತನ್ನ ನಗುವ ಮುಖದ ಕೆಳಗೆ, ಸೀರೆಯೆತ್ತಿ ಕೂತಳು. ಮೈಕು ಕೈಯಲ್ಲೇ ಇತ್ತು.

ಮೊದಲು ಯಾರಿಗೂ ಏನೆಂದು ತಿಳಿಯಲಿಲ್ಲ. ಸ್ಪೀಕರಿನಲ್ಲಿ ಧೋ ಎಂದು ಸುರಿಯುವ ಸದ್ದು. ಬಟ್ಟೆಯ ಅಂಚಿನ ಕೆಳಗಿನಿಂದ ಹೊರಟ ನೀರು ವೇದಿಕೆಯಿಂದಿಳಿದು ಮುಂದಿನ ಸಾಲಿನ ಕಡೆ ಹರಿಯಿತು. ಅತಿಥಿಗಳು ಕಿರುಚಿ ಕುರ್ಚಿಯ ಮೇಲೆ ಕಾಲೆತ್ತಿಕೊಂಡರು.

“ಥೂ ರಂಡೆ!” ಪ್ರಭಾ ಕೂಗಿದಳು. “ಹಿಂದೆ ದೇವರುಂಟು!”

“ತಲಿ ಮ್ಯಾಲ ಅಲ್ರೀ ಅಮ್ಮಾರ, ಕಾಲಾಗ,” ಎಂದಿತು ಸ್ಪೀಕರು.

ತನ್ವಿ “ಬಂದ್ ಕರೋ, ಮೈಕ್ ಬಂದ್ ಕರೋ” ಎಂದು ವೈರು ಹುಡುಕುತ್ತ ಓಡಾಡಿದಳು. ಬಟ್ಟೆಯನ್ನು ಎಳೆಯಲು ಮುಂದೆ ಬಂದ ಪ್ರಭಾ ಹರಿಯುತ್ತಿದ್ದ ನೀರು ಕಂಡು, ಮೈಲಿಗೆಯೆಂದು ರೇಷ್ಮೆ ಸೀರೆ ಎತ್ತಿಕೊಂಡು ಹಿಂದೆ ಸರಿದಳು. ಚಂದವ್ವ ನಿಧಾನವಾಗಿ ಮುಗಿಸಿ ಎದ್ದಳು. ಸೀರೆ ಸರಿಮಾಡಿಕೊಂಡು ಬಂದು ನಳಿನಾಕ್ಷಿಯ ಕೈಯಿಂದ ಬಟ್ಟೆಯ ತುದಿ ತೆಗೆದುಕೊಂಡಳು.

“ಈಗ ನೀ ಕುಂಡ್ರು. ನಾ ಹಿಡೀತೀನಿ.”

ನಳಿನಾಕ್ಷಿ ಹೊಟ್ಟೆ ಹಿಡಿದುಕೊಂಡು ಮರೆಗೆ ಹೋದಳು. ಹಿಂದಿನ ಸಾಲಿನಲ್ಲಿ ಕೂತಿದ್ದ ಹೊಲಿಗೆಯ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದು ವೇದಿಕೆಯ ಪಕ್ಕದಲ್ಲಿ ಸಾಲು ನಿಂತರು.